ಚಿನ್ನ ತಿಂದ ಬಾಯಿಗೆ ಪ್ಲಾಸ್ಟಿಕ್

ನಾನು ಅಕ್ಕಸಾಲಿಗರ ಗರಗಸ. ಬಗ್ಗಿದ ಉಕ್ಕಿನ ಕಮಾನು, ಬೀಟೆ ಮರದ ಹಿಡಿ, ನಡುವೆ ದಾರದಷ್ಟು ಸಣ್ಣ ಅಲಗು. ಅಲಗು ಮುರಿದರೆ ಬೇರೆ ಹಾಕುತ್ತಾರೆ. ಕಮಾನು ಮಾತ್ರ ಹುಟ್ಟಿದಾಗಿನಿಂದ ಅದೇ. ನನ್ನನ್ನು ಹೇಳಿ ಮಾಡಿಸಿದವರು ಮೈಸೂರಿನ ವೀರಭದ್ರಾಚಾರರು. ಅವರ ಕೈಯಲ್ಲಿ ನಲವತ್ತು ವರ್ಷ ಜುಮುಕಿ, ಜಡೆಬಿಲ್ಲೆ, ಪದಕ ಕೊಯ್ದೆ. ಬೆಳ್ಳಿ ಕೊಟ್ಟರೂ ಮೂಗು ಮುರಿಯುತ್ತಿದ್ದೆ. ಕೆಲಸ ಮುಗಿದ ಮೇಲೆ ಆಚಾರರು ಮಡಿಲಿಗೆ ಹಾಸಿಕೊಂಡ ತೊಗಲಿನ ಮೇಲೆ ಬಿದ್ದ ಚಿನ್ನದ ಪುಡಿಯನ್ನು ಕುಂಚದಿಂದ ಗುಡಿಸಿ ಪೊಟ್ಟಣ ಕಟ್ಟಿಡುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡಿ ಕಲಿತವಳು ಅವರ ಮಗಳು ಕಾಳಿಕಾಂಬ. ಹೆಣ್ಣುಮಗಳೆಂದು ಅವಳನ್ನು ಯಾರೂ ಕೆಲಸಕ್ಕೆ ಕೂರಿಸಲಿಲ್ಲ.

ಆಚಾರರು ತೀರಿಕೊಂಡ ಮೇಲೆ ಅವಳು ನನ್ನನ್ನು ಅಪ್ಪನ ನೆನಪಿಗೆಂದು ಗಂಡನ ಮನೆಗೆ ತಂದಳು. ತಂದು ಇಟ್ಟದ್ದೆಲ್ಲಿ? ಅಡುಗೆಮನೆಯ ಡ್ರಾಯರಿನಲ್ಲಿ! ಕರಗಿ ಅಂಟಿಕೊಂಡ ರಬ್ಬರ್ ಬ್ಯಾಂಡು, ಅವಧಿ ಮುಗಿದ ಮಾತ್ರೆ, ಜಿರಲೆಯ ಹಿಕ್ಕೆ. ಎಲ್ಲಕ್ಕಿಂತ ಅಸಹ್ಯ ನನ್ನ ನೆರೆಯ ನೇಲ್ ಕಟರ್. ಅದರ ಬಾಯಲ್ಲಿ ಸದಾ ಕಾಲುಗುರಿನ ಚೂರು. ಒಮ್ಮೆ ಬಚ್ಚಲಿನ ಪೈಪು ಕೊಯ್ಯಲು ನನ್ನನ್ನು ಎಳೆದೊಯ್ದರು. ಆ ಲೋಳೆ ನೆನೆದರೆ ಇಂದಿಗೂ ವಾಕರಿಕೆ ಬರುತ್ತದೆ.

ಅವಳ ಗಂಡ ಪ್ರಭಾಕರಾಚಾರರು ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು. ನಿವೃತ್ತಿಯ ನಂತರ ಗೇಣುದ್ದದ ಪ್ಲಾಸ್ಟಿಕ್ ವಿಮಾನ ಜೋಡಿಸುವ ಹುಚ್ಚು ಹಿಡಿಯಿತು. ಅದರ ಭಾಗಗಳು ಪ್ಲಾಸ್ಟಿಕ್ ಕಡ್ಡಿಗೆ ಅಂಟಿಕೊಂಡು ಬರುತ್ತವೆ. ಒಂದೊಂದನ್ನೂ ಕತ್ತರಿಸಿ ಬಿಡಿಸಬೇಕು. ಇವರು ಬಿಡಿಸುತ್ತಿದ್ದುದು ಅದೇ ನೇಲ್ ಕಟರಿನಿಂದ. ಬೆಳಿಗ್ಗೆ ಕಾಲುಗುರು, ಸಂಜೆ ವಿಮಾನದ ರೆಕ್ಕೆ. ಥೂ.

ಆಮೇಲೆ ಅವರ ಕೈ ನಡುಗತೊಡಗಿತು. ಇನ್ನು ಹೆಚ್ಚುತ್ತಲೇ ಹೋಗುತ್ತದೆ ಎಂದರು ಡಾಕ್ಟರು. ಆಗ ಪ್ರಭಾಕರಾಚಾರರು ಬಹಳ ದಿನದಿಂದ ಎತ್ತಿಟ್ಟಿದ್ದ ಪೆಟ್ಟಿಗೆ ತೆರೆದರು. ತಾವು ಹದಿನೆಂಟು ವರ್ಷ ರಿಪೇರಿ ಮಾಡಿದ ವಿಮಾನದ ಮಾದರಿ ಅದು. ಇದೇ ಕೊನೆಯದೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ತಿಂಗಳುಗಟ್ಟಲೆ ಕೂತು ಎಲ್ಲ ಜೋಡಿಸಿದರು. ಕೊನೆಗೆ ಉಳಿದದ್ದು ಗಾಜಿನಂಥ ಎರಡು ಭಾಗ: ರೆಕ್ಕೆಯ ತುದಿಯ ದೀಪ ಮತ್ತು ಪೈಲಟ್ ಸೀಟಿನ ಮೇಲಿನ ಮುಚ್ಚಳ. ದೀಪಕ್ಕೆ ನೇಲ್ ಕಟರ್ ಹಾಕಿದರು. ಚಟ್ಟೆಂದು ಬಿಳಿ ಬಿರುಕು ಬಿಟ್ಟಿತು. ಹಿಚುಕಿದರೆ ಒಡೆಯುವ ಜಾತಿ ಆ ಪ್ಲಾಸ್ಟಿಕ್. ಮುಚ್ಚಳವೂ ಹೀಗಾದರೆ ಬೇರೆ ಸಿಗುವುದಿಲ್ಲ. ಆ ಮಾದರಿ ಈಗ ಮಾರಾಟದಲ್ಲೇ ಇಲ್ಲ. ಆಚಾರರು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, ಅರೆಬರೆಯಾಗಿಯೇ ಇರಲಿ ಎಂದರು.

ಐದನೆಯ ದಿನ ಕಾಳಿಕಾಂಬ ಆ ಪೆಟ್ಟಿಗೆಯನ್ನು ಹೊರಗೆಳೆದು, ಡ್ರಾಯರಿನಿಂದ ನನ್ನನ್ನು ತೆಗೆದು, ಹೊಸ ಅಲಗು ಬಿಗಿದು, ಮೇಣ ಸವರಿ, ಮಡಿಲಿಗೆ ಬಟ್ಟೆ ಹಾಸಿ ಕೂತಳು. ಮುಚ್ಚಳದ ಅಂಚಿಗೆ ತಾಗದಂತೆ ಕಡ್ಡಿಯನ್ನು ದೂರದಲ್ಲೇ ಕೊಯ್ಯತೊಡಗಿದಳು. ಛೀ, ಏನು ರುಚಿ! ಚಿನ್ನ ಪುಡಿಯಾಗಿ ಉದುರುತ್ತಿತ್ತು. ಇದು ಬಿಸಿಯಾಗಿ ಕರಗಿ ಹಲ್ಲುಸಂದಿಗೆ ಮೆತ್ತಿಕೊಂಡಿತು. ಅರ್ಧ ಕೊಯ್ಯುವಷ್ಟರಲ್ಲಿ ಅಲಗು ಸಿಕ್ಕಿಕೊಂಡಿತು. ಆಚಾರರು ಗಾಬರಿಯಲ್ಲಿ ನಡುಗುವ ಕೈ ಚಾಚಿದರು.

"ಎಳೀಬೇಡಿ," ಎಂದಳು. "ಕಮಾನಿಂದ ಬಿಚ್ಚಿದ್ರೆ ಅದೇ ಬರುತ್ತೆ. ಅಪ್ಪ ಹಂಗೇ ಮಾಡೋರು."

ಅಲಗಿನ ಒಂದು ತುದಿ ಬಿಚ್ಚಿ, ತಣ್ಣೀರು ಹನಿಸಿ, ದಾರ ಎಳೆದಂತೆ ಉದ್ದಕ್ಕೆ ಜಾರಿಸಿ ತೆಗೆದಳು. ಮತ್ತೆ ಬಿಗಿದು, ನಾಲ್ಕು ಸಲ ಎಳೆದು ಒಮ್ಮೆ ನೀರು ಹನಿಸುತ್ತ ಕೊಯ್ದಳು. ಮುಚ್ಚಳ ಬಿಡಿಸಿಕೊಂಡು ಬಂತು. ಅದಕ್ಕೆ ಅಂಟಿ ಉಳಿದ ಕಡ್ಡಿಯ ಮೋಟನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿದಳು. ಒಂದು ಗೆರೆಯೂ ಬಿದ್ದಿರಲಿಲ್ಲ.

ಅದನ್ನು ಕೂರಿಸಿದ ಮೇಲೆ ಆಚಾರರು ಬಗ್ಗಿ ಒಳಗೆ ನೋಡಿದರು.

"ರಿಪೇರಿ ಮಾಡೋವಾಗ ಆ ಸೀಟಿನ ಕೆಳಗೆ ತಲೆ ತೂರಿಸಿ ಮಲಗ್ತಿದ್ದೆ ಕಣೇ," ಎಂದರು.

ಕಣ್ಣೀರಿನ ಜೊತೆ ಮೂಗಿನ ಹನಿಯೊಂದು ಮುಚ್ಚಳದ ಮೇಲೆಯೇ ಬಿತ್ತು. ಕಾಳಿಕಾಂಬ ಸೆರಗಿನಿಂದ ಒರೆಸಿದಳು. ನನಗೆ ಮೈಯೆಲ್ಲ ಮುಳ್ಳೆದ್ದಿತು.

ಈಗ ಆಚಾರರ ಕೈಯಲ್ಲಿ ಲೋಟವೂ ನಿಲ್ಲುವುದಿಲ್ಲ, ಅವಳೇ ಕುಡಿಸುತ್ತಾಳೆ. ವಿಮಾನ ಟಿವಿಯ ಪಕ್ಕ ನಿಂತಿದೆ. ನಾನು ಅದೇ ಕೊಳಕು ಡ್ರಾಯರಿನಲ್ಲಿದ್ದೇನೆ. ನನ್ನ ಪಕ್ಕದಲ್ಲೊಂದು ಪೊಟ್ಟಣವಿದೆ. ಅಂದು ಕಾಳಿಕಾಂಬ ಮಡಿಲಿನ ಬಟ್ಟೆಯಿಂದ ಪ್ಲಾಸ್ಟಿಕ್ ಪುಡಿಯನ್ನು ಗುಡಿಸಿ, ಅಪ್ಪನ ಹಾಗೆಯೇ ಕಾಗದದಲ್ಲಿ ಕಟ್ಟಿಟ್ಟಳು. ಕಸ! ಅದರ ವಾಸನೆ ಸಹಿಸಲಾಗದು. ಆದರೂ ಯಾರಾದರೂ ಅದನ್ನು ಎಸೆಯಲು ಕೈ ಹಾಕಲಿ, ಬೆರಳು ಕೊಯ್ಯದೆ ಬಿಡುವುದಿಲ್ಲ.