ಗಂಟೆ ಕಟ್ಟಿದ ಎತ್ತು

ನಲವತ್ತೊಂದನೆಯ ಇಸವಿ, ಮಳೆಗಾಲದ ಕೊನೆ. ಜೋಯಿಡಾ ಕಾಡಿನಲ್ಲಿ ಮರ ಕಡಿಯುವ ನಾಟಾ ಕ್ಯಾಂಪಿಗೆ ಗಾಡಿ ಹೋಗುತ್ತಿರಲಿಲ್ಲ. ಜೋಳ, ಉಪ್ಪು ಎಲ್ಲ ಲಂಬಾಣಿ ಗೇಮಪ್ಪನ ಹೇರೆತ್ತುಗಳ ಬೆನ್ನ ಮೇಲೆಯೇ ಬರಬೇಕು. ಕಾರಕೂನನಾದ ನಾನು ಅವುಗಳ ಹಿಂದೆ ಕೆಸರು ತುಳಿಯಬೇಕು, ನನ್ನ ಹಣೆಬರಹ.

ಸಾಲಿನ ಮುಂದಿನ ಎತ್ತಿಗೆ ಮಾತ್ರ ದಾರಿ ಗೊತ್ತಿದ್ದರೆ ಸಾಕು, ಉಳಿದವು ಅದರ ಗಂಟೆ ಕೇಳಿ ನಡೆಯುತ್ತವೆ. ಆ ವಾರ ಗೇಮಪ್ಪನ ಮುಂದಿನ ಮುದಿ ಎತ್ತು ಸತ್ತಿತ್ತು. ಅದರ ಗಂಟೆಯನ್ನು ಅವನು ಎಳೆಯ ಎತ್ತೊಂದಕ್ಕೆ ಕಟ್ಟಿ, ಕನ್ನಡಿ ಹೊಲಿದ ಜೂಲು ಹೊದಿಸಿದ.

ದಾಂಡೇಲಿಯಲ್ಲಿ ಹೇರು ಕಟ್ಟುವಾಗ ಇಂಗ್ಲಿಷ್ ಸಾಹೇಬ ಅದನ್ನು ನೋಡಿ, “ಬೆಲ್‌ವೆದರ್!” ಎಂದು ನಕ್ಕ. ಬೆಲ್ ಅಂದರೆ ಗಂಟೆ, ವೆದರ್ ಅಂದರೆ ಬೀಜ ಒಡೆದ ಟಗರು. ಅವರ ಕಡೆ ಕುರುಬರು ಅಂಥ ಟಗರಿಗೆ ಗಂಟೆ ಕಟ್ಟುತ್ತಾರಂತೆ, ಮಂದೆ ಅದರ ಹಿಂದೆ ಹೋಗುತ್ತದಂತೆ. ಜನರ ಗುಂಪು ಯಾರ ಹಿಂದೆ ಹೊರಡುತ್ತದೋ ಅವನಿಗೂ ಅದೇ ಹೆಸರಂತೆ. ನನ್ನ ಇಂಗ್ಲಿಷಿನ ಜಂಬದಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಗೇಮಪ್ಪ ಹಿಗ್ಗಿದ.

ಅವನ ಹೆಂಡತಿ ಭೀಮಿಬಾಯಿ ಹಿಗ್ಗಲಿಲ್ಲ. “ಗಂಟಿ ಕಟ್ಟಿದ್ರ ಎತ್ತಿಗೆ ದಾರಿ ತಿಳೀತೈತೇನ್ರೀ ಕಾರಕೂನ್ರ? ಮಂಜು ಬಾಳ ಐತಿ. ಇವತ್ತೊಂದಿನ ನಿಲ್ಲು ಅಂತ ನೀವರ ಹೇಳ್ರಿ.”

“ಸುಮ್ನ ನಡಿ,” ಎಂದ ಗೇಮಪ್ಪ. “ಗಂಟಿ ಕೇಳಿದ್ರ ಸಾಕು, ಎಲ್ಲಾ ಬರ್ತಾವ.”

ಹೊರಟೆವು. ಗೇಮಪ್ಪ ಎಳೆಯ ಎತ್ತಿನ ಪಕ್ಕ, ನಾನೂ ಭೀಮಿಬಾಯಿಯೂ ಸಾಲಿನ ಕೊನೆಗೆ. ಮಂಜಿನಲ್ಲಿ ಕೈ ಚಾಚಿದರೆ ಕೈ ಕಾಣದು. ಬರೀ ಗಂಟೆ ಕೇಳುತ್ತಿತ್ತು.

ದರೆ ಕುಸಿದ ಜಾಗದಲ್ಲಿ ಮುದಿ ಎತ್ತು ಯಾವಾಗಲೂ ಮೇಲಕ್ಕೆ ಹೊರಳುತ್ತಿತ್ತು. ಆ ದಿನ ಗಂಟೆಯ ಸದ್ದು ನೇರ ಹೋಯಿತು. ಆಮೇಲೆ ಕೆಳಗಿನಿಂದ ಬಂತು. ಗೇಮಪ್ಪ ಒಮ್ಮೆ ಕೂಗಿದ. ನಮ್ಮ ಮುಂದಿನ ಎತ್ತುಗಳು ಹೆದರಲಿಲ್ಲ, ನಿಲ್ಲಲೂ ಇಲ್ಲ, ಒಂದರ ಹಿಂದೊಂದು ಆ ಸದ್ದಿನ ಕಡೆಗೇ ಕಾಲಿಟ್ಟವು. ಕಲ್ಲು ಉರುಳಿದ ಸಪ್ಪಳ. ಭೀಮಿಬಾಯಿ ಕೊನೆಯ ಎರಡು ಎತ್ತುಗಳ ಹಗ್ಗಕ್ಕೆ ಜೋತುಬಿದ್ದು ಹಿಡಿದಳು. ಗಂಟೆ ನಿಂತಿತು.

ನಾನು ಗಂಟಲು ಹರಿಯುವಂತೆ ಕೂಗಿದೆ, ಕೆಳಗಿನಿಂದ ಉತ್ತರವಿಲ್ಲ. ಮಂಜು ಕರಗದೆ ಇಳಿಯುವಂತಿರಲಿಲ್ಲ. ಎತ್ತುಗಳನ್ನು ಮರಕ್ಕೆ ಕಟ್ಟಿ ಇಬ್ಬರೂ ಕೂತೆವು. ಅವಳು ಅಳಲಿಲ್ಲ, ಕಿವಿಗೊಟ್ಟು ಕೂತಿದ್ದಳು.

ಎಷ್ಟೋ ಹೊತ್ತಿಗೆ ಗಂಟೆ ಮತ್ತೆ ಕೇಳಿತು. ಕೆಳಗೆ, ನಿಧಾನ, ಕುಂಟುವ ಸದ್ದು. ಕಟ್ಟಿದ್ದ ಎತ್ತುಗಳು ಎದ್ದು ಹಗ್ಗ ಜಗ್ಗಿದವು. ಗಂಟೆ ಕಟ್ಟಿದರೆ ದಾರಿ ತಿಳಿಯುತ್ತದೆಯೇ ಎಂದಿದ್ದ ಭೀಮಿಬಾಯಿ, “ಬಂದಾ!” ಎಂದು ಎದ್ದು ಮಂಜಿನೊಳಗೆ ನಡೆದಳು.

ತಡೆಯಬೇಕೆಂದು ಎದ್ದೆ ಅಂದುಕೊಂಡಿದ್ದೆ. ಕಾಲ ಕೆಳಗಿನ ಮಣ್ಣು ಜಾರಿದಾಗ ಗೊತ್ತಾಯಿತು, ನಾನೂ ಗಂಟೆಯ ಕಡೆಗೇ ನಡೆದಿದ್ದೆ.