ಎದ್ದು ನಿಂತ ಮೊಳೆ

ಆ ಒಂದು ಮೊಳೆಗೆ ನಾನು ಮೂರು ಲಂಗ ಬಲಿ ಕೊಟ್ಟಿದ್ದೇನೆ. ನಮ್ಮ ಪುಟ್ಟ ಹಾಯಿದೋಣಿಯ ಮೇಲ್ಹಲಗೆಯಲ್ಲಿ, ಒಡಲಿಗೆ ಇಳಿಯುವ ಚೌಕದ ಅಂಚಿಗೆ, ತಲೆ ಸೊಟ್ಟಗಾಗಿ, ಕಿರುಬೆರಳ ಉಗುರಿನಷ್ಟು ಮೇಲೆದ್ದು ನಿಂತಿತ್ತು ಅದು. ಒಂದು ದಿನ ತಲೆಕೆಟ್ಟು ಸುತ್ತಿಗೆ ಹಿಡಿದು ಬಡಿಯಲು ಹೋದರೆ ನನ್ನ ಗಂಡ ಫರ್ಹಾತ್ ಹಾವು ತುಳಿದವನ ಹಾಗೆ ಕಿರುಚಿಕೊಂಡ.

"ಮುಟ್ಟಬೇಡ ಸಾಲ್ಹಾ! ಕೈ ತೆಗಿ ಅಂದ್ರೆ ತೆಗಿ!"

"ಮೊಳೆ ಕಣೋ ಅದು, ನಿಮ್ಮಪ್ಪನ ಹಲ್ಲಲ್ಲ."

"ಏನಾದ್ರೂ ಆಗ್ಲಿ. ದೋಣಿ ನಂದು. ನೀನು ನಿನ್ನ ಒಲೆ ನೋಡ್ಕೋ ಹೋಗು."

ಒಲೆ ನೋಡಿಕೊಂಡು ಕೂರುವ ಜಾಯಮಾನ ನನ್ನದಲ್ಲ. ಏಳು ವರ್ಷದವಳಿದ್ದಾಗಿನಿಂದ ಮೊಣಕಾಲುದ್ದ ನೀರಿನಲ್ಲಿ ನಡೆದು, ಕಲ್ಲಿನ ಸಂದಿಯಿಂದ ಆಕ್ಟೋಪಸ್ ಎಳೆದು ತೆಗೆದವಳು ನಾನು. ಕೆರ್ಕೆನ್ನಾ ದ್ವೀಪದ ಹೆಂಗಸರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಆದರೂ ದೋಣಿಯ ವಿಷಯಕ್ಕೆ ಬಂದರೆ ಫರ್ಹಾತ್ ನನ್ನನ್ನು ಅಂಚಿಗೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಮೇಲ್ಹಲಗೆಯ ಸ್ಥಿತಿಯೋ, ದೇವರಿಗೇ ಪ್ರೀತಿ. ಅವನ ಅಪ್ಪ ಮೂವತ್ತು ವರ್ಷ, ಇವನು ನಲವತ್ತು ವರ್ಷ ತುಳಿದ ಹಲಗೆ. ಹಾಯಿಕಂಬದ ಬುಡದಲ್ಲಿ ಒಂದು ಗುಳಿ, ಚುಕ್ಕಾಣಿಯ ಹತ್ತಿರ ಎರಡು ಗುಳಿ, ಅಂಗಾಲು ಇಟ್ಟರೆ ಹಾಗೇ ಕೂರುವಂಥವು. ನೀಲಿ ಬಣ್ಣ ಎದ್ದು ಹೋಗಿ, ನೀರಿಳಿಯದಂತೆ ಸಂದುಗಳಿಗೆ ತುರುಕಿದ್ದ ಹತ್ತಿ ಹೊರಗೆ ಜೋತುಬಿದ್ದಿತ್ತು. ಕಳೆದ ವಸಂತದಲ್ಲಿ ಮುಂಭಾಗದ ಹಲಗೆಯೊಳಗೆ ನನ್ನ ಹಿಮ್ಮಡಿಯೇ ಇಳಿದುಹೋಗಿ, ಎಳೆದುಕೊಳ್ಳುವಷ್ಟರಲ್ಲಿ ಚರ್ಮ ಸುಲಿದಿತ್ತು.

ಆಕ್ಟೋಪಸ್ ಕಾಲ ಶುರುವಾಗಲು ಮೂರು ವಾರವಿತ್ತು. ಈ ಸಲವೂ ಒಬ್ಬನೇ ಹೋಗುತ್ತಾನೆ, ಹಲಗೆ ಮುರಿದು ಕಾಲು ಸಿಕ್ಕಿಕೊಳ್ಳುತ್ತದೆ, ಗಾಳಿ ತಿರುಗುತ್ತದೆ, ಅಲ್ಲಿಗೆ ಮುಗಿಯಿತು. ಹೋಗಬೇಡ ಎನ್ನೋಣವೆಂದರೆ, ಕಡಲು ಬಿಟ್ಟ ಫರ್ಹಾತ್ ಕಾಫಿ ಅಂಗಡಿಯ ಕುರ್ಚಿಯಲ್ಲಿ ಆರು ತಿಂಗಳು ಬಾಳುವವನಲ್ಲ. ಅವನು ಹೋದ ದಿನವೆಲ್ಲ ನಾನು ಮನೆಗೂ ದಡಕ್ಕೂ ಓಡಾಡುತ್ತಿದ್ದೆ. ಹಿಟ್ಟು ಕಲಸಲು ಕೂತರೆ ಅರ್ಧಕ್ಕೇ ಎದ್ದು ಕೈಗೆ ಮೆತ್ತಿದ ಹಿಟ್ಟಿನಲ್ಲೇ ಹಾಯಿ ಕಾಣುತ್ತದಾ ಎಂದು ನೋಡಿ ಬರುತ್ತಿದ್ದೆ.

ಅದೊಂದೇ ಆಗಿದ್ದರೆ ಸಹಿಸಬಹುದಿತ್ತು. ಆ ವರ್ಷ ಮನುಷ್ಯನೇ ಬದಲಾಗಿದ್ದ. ಎದುರಿಗೆ ಬಂದವರನ್ನು ಅವರಾಗಿ ಮಾತಾಡಿಸುವ ತನಕ ಮಾತಾಡಿಸುತ್ತಿರಲಿಲ್ಲ. ಬಲೆ ಹೆಣೆಯುವುದನ್ನು ಬಿಟ್ಟು "ನಿನ್ನ ಕೈ ಚುರುಕು" ಎಂದು ನನ್ನ ಮಡಿಲಿಗೆ ಎಸೆಯುತ್ತಿದ್ದ. ಚಹಾದ ಲೋಟವನ್ನು ಮೇಜಿನ ಅಂಚಿಗಿಟ್ಟು ಎರಡು ಸಲ ಬೀಳಿಸಿದ. ಫರ್ಹಾತನಿಗೆ ಸೊಕ್ಕು ಬಂದಿದೆ ಎಂದು ಊರು ಆಡಿಕೊಂಡಿತು. ನನಗೆ ಮಾತ್ರ ಇವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎನ್ನಿಸುತ್ತಿತ್ತು.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಚೀಲ ಹೆಗಲಿಗೇರಿಸಿದ.

"ಸ್ಫಾಕ್ಸ್‌ಗೆ ಹೋಗ್ಬರ್ತೀನಿ. ಅಣ್ಣನ ಮನೆ ಸೂರು ಸೋರ್ತಿದೆಯಂತೆ. ಹತ್ತು ದಿನ ಆಗುತ್ತೆ."

"ಐದು ತಿಂಗಳಿಂದ ಒಂದು ಹನಿ ಮಳೆ ಇಲ್ಲ. ಸೂರಲ್ಲಿ ಏನು ಸೋರ್ತಿದೆ, ನಿಮ್ಮಣ್ಣನ ಬುದ್ಧೀನಾ?"

ಅವನು ಆಚೆ ದಡದ ಆ ಪಟ್ಟಣಕ್ಕೆ ಹೋಗುವ ಹಡಗು ಹಿಡಿಯಲು ನಡೆದ. ನಾನು ಅವನ ಬೆನ್ನು ತಿರುವಿನಲ್ಲಿ ಮರೆಯಾಗುವ ತನಕ ಕಾದು, ಚಪ್ಪಲಿ ಮೆಟ್ಟಿಕೊಂಡು ಸೀದಾ ತಿಜಾನಿಯ ಕೊಟ್ಟಿಗೆಗೆ ನುಗ್ಗಿದೆ.

ತಿಜಾನಿ ನನ್ನ ಸೋದರಮಾವನ ಮಗ, ನಮ್ಮ ದಡದಲ್ಲಿ ದೋಣಿ ಕೆಲಸ ಬಲ್ಲ ಕೊನೆಯ ಬಡಗಿ. ಎಪ್ಪತ್ತಾದರೂ ಬಾಚಿ ಹಿಡಿದರೆ ಕೈ ಅಲುಗುವುದಿಲ್ಲ. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುವುದಿಲ್ಲ.

"ಹತ್ತು ದಿನದಲ್ಲಾ? ಫರ್ಹಾತ್ ಬಂದು ನನ್ನ ಕುತ್ತಿಗೆ ಮೇಲೆ ಉಜ್ಜುಗೊರಡು ಆಡಿಸ್ತಾನೆ ಕಣೆ."

"ನಾನಿದೀನಲ್ಲ ತಿಜಾನಿಯಣ್ಣ."

"ನೀನಿರೋದೇ ನಂಗೆ ಭಯ."

ಆದರೂ ಬಂದ. ನಾವಿಬ್ಬರೂ ಸೇರಿ ಹಲಗೆ ಎಬ್ಬಿಸಿದೆವು. ಮುಂಭಾಗದ್ದು ಕೈಯಲ್ಲೇ ಪುಡಿಯಾಯಿತು, ಆದರೆ ಕೆಳಗಿನ ಹಿಪ್ಪುನೇರಳೆಯ ಪಕ್ಕೆಗಳು ಗಟ್ಟಿಯಾಗಿದ್ದವು. ಹಿಂಭಾಗಕ್ಕೆ ಬಂದಾಗ ತಿಜಾನಿ ಕಂಬದಿಂದ ಚುಕ್ಕಾಣಿಯವರೆಗೆ ಚಾಚಿದ್ದ ಎರಡು ಹಲಗೆಗಳನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ.

"ಇವೆರಡು ಚೆನ್ನಾಗಿದಾವೆ ಕಣೆ. ಗುಳಿ ಬಿದ್ದಿದೆ, ಅಷ್ಟೆ. ಇರ್ಲಿ ಬಿಡು, ಇನ್ನೂ ಇಪ್ಪತ್ತು ವರ್ಷ ಬರುತ್ತೆ."

"ಅರ್ಧಂಬರ್ಧ ಕೆಲಸ ನಂಗಾಗಲ್ಲ. ಎಲ್ಲ ಹೊಸದೇ ಬರ್ಲಿ."

ಇದನ್ನು ನಾನೇ ಅಂದೆ. ನನ್ನ ಬಾಯಿಂದಲೇ ಬಂದದ್ದು.

ಸೊಟ್ಟ ಮೊಳೆಯನ್ನು ಇಕ್ಕಳದಲ್ಲಿ ಕಿತ್ತಾಗ ತಿಜಾನಿ ಅದನ್ನು ನನ್ನ ಅಂಗೈಗೆ ಹಾಕಿ, "ತಗೋ, ನಿನ್ನ ಸವತಿ" ಎಂದ. ಗಂಡ ಬಂದ ಮೇಲೆ ಮೂಗಿನ ಮುಂದೆ ಹಿಡಿದು ಆಡಿಸಬೇಕೆಂದು ಅದನ್ನು ಜೇಬಿಗೆ ಹಾಕಿಕೊಂಡೆ.

ಹೊಸ ಹಲಗೆ ಕೂರಿಸಿ, ಸಂದುಗಳಿಗೆ ಹತ್ತಿ ತುರುಕಿ, ಪುಟ್ಟಿ ಮೆತ್ತಿ, ಉಜ್ಜುಕಾಗದ ಹಿಡಿದು ತಿಕ್ಕಿದ್ದೇ ತಿಕ್ಕಿದ್ದು. ಕೈ ಬೊಬ್ಬೆ ಬಂದರೂ ಮನಸ್ಸು ನಿಲ್ಲಲೊಲ್ಲದು. ಐದನೇ ದಿನ ನನ್ನ ಓರಗಿತ್ತಿ ಮಬ್ರೂಕಾ ಸ್ಫಾಕ್ಸ್‌ನಿಂದ ಫೋನು ಮಾಡಿದಳು.

"ಸೂರಾ? ಯಾವ ಸೂರು? ಅಣ್ಣತಮ್ಮ ಇಬ್ರೂ ಬೆಳಿಗ್ಗೆ ಎದ್ದು ಹೋಗ್ತಾರೆ, ಮಧ್ಯಾಹ್ನ ಮುಖ ಇಳಿಬಿಟ್ಕೊಂಡು ಬರ್ತಾರೆ. ಕೇಳಿದ್ರೆ ಬಾಯೇ ಬಿಡಲ್ಲ."

"ದೋಣಿ ಮಾರೋಕೆ ಗಿರಾಕಿ ಹುಡುಕ್ತಿದಾನಾ?"

"ನಂಗೇನು ಗೊತ್ತೇ ತಾಯಿ? ಕೇಳ್ಬೇಕಾದವಳು ನೀನು."

ಆಮೇಲೆ ನನಗೆ ಎಲ್ಲೂ ಕೂರಲಾಗಲಿಲ್ಲ. ಮಾರುವುದಾ, ಬೇರೆ ಹೆಂಗಸಾ, ಮೈಯಲ್ಲಿ ರೋಗವಾ? ಒಂದೊಂದು ಯೋಚನೆಗೂ ಒಂದೊಂದು ಹಲಗೆ ಉಜ್ಜಿದೆ. "ನಿಲ್ಸೇ, ತೂತು ಬೀಳುತ್ತೆ!" ಎಂದು ತಿಜಾನಿ ಉಜ್ಜುಕಾಗದ ಕಿತ್ತುಕೊಂಡ.

ಬಣ್ಣ ಹೊಡೆಯುವ ದಿನ ಅಂಗಡಿಯಲ್ಲಿ ನೀಲಿ ಮುಗಿದಿತ್ತು. ಮಸೀದಿಯ ಬಾಗಿಲಿಗೆ ಹೊಡೆದು ಉಳಿದ ಹಸಿರು ತಿಜಾನಿಯ ಬಳಿ ಇತ್ತು, ಅದನ್ನೇ ಹೊಡೆದೆವು. ಕಣ್ಣಿಗೆ ರಾಚುವ ಹಸಿರು. ಎರಡು ಮೈಲಿ ದೂರದಿಂದ ಕಾಣುತ್ತದೆ ಎಂದು ತಿಜಾನಿ ನಕ್ಕ.

ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿದೆ. ದೋಣಿಯಿಂದ ಬಿಚ್ಚಿದ ಹಳೆಯ ಮರವನ್ನು ಬೇಲಿಗೂ ಹಾಕುವುದಿಲ್ಲ, ಬೇರೆ ದೋಣಿಗೂ ಹಾಕುವುದಿಲ್ಲ. ಅದನ್ನೇ ಉರಿಸಿ ಅಡುಗೆ ಮಾಡಿ, ದೋಣಿಯನ್ನು ನೀರಿಗೆ ತಳ್ಳಲು ಬಂದವರಿಗೆ ಬಡಿಸಬೇಕು. ಹತ್ತನೇ ದಿನ ಬೆಳಿಗ್ಗೆಯಿಂದ ಆ ಹಲಗೆಗಳ ಮೇಲೆ ಒಣ ಆಕ್ಟೋಪಸ್ ಹಾಕಿ ಗೋಧಿ ರವೆಯ ಕುಸ್ಕುಸ್ ಬೇಯಿಸಿದೆ. ಉಪ್ಪು ಕುಡಿದ ಮರ ಚಟಪಟ ಎಂದು ಉರಿಯಿತು. ಗುಳಿ ಬಿದ್ದ ಎರಡು ಹಲಗೆಗಳೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಉರಿದವು.

ಮಧ್ಯಾಹ್ನದ ಹಡಗಿಗೆ ಫರ್ಹಾತ್ ಬಂದ. ಅಂಗಳದಲ್ಲಿ ಆರು ಗಂಡಸರ ಸದ್ದು ಕೇಳಿ ಬಾಗಿಲಲ್ಲೇ ನಿಂತ.

"ಏನಿದು, ಯಾರ ಮದುವೆ?"

"ಮೊದ್ಲು ತಿನ್ನು. ಆಮೇಲೆ ಹೇಳ್ತೀನಿ."

ಎರಡು ಸಲ ಹಾಕಿಸಿಕೊಂಡು ತಿಂದ. ಕೈ ತೊಳೆದ ಮೇಲೆ ಎಲ್ಲರೂ ದಡಕ್ಕೆ ನಡೆದೆವು. ದೋಣಿಯ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಮೇಲ್ಹಲಗೆ ಪೂರಾ ಹೊಸದು ಮಾಡ್ಸಿದೀನಿ. ಬೈಯೋದಿದ್ರೆ ಈಗ್ಲೇ ಬೈದುಬಿಡು."

ಅವನು ಬೈಯಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ. ದೋಣಿಯ ಅಂಚಿನ ಮೇಲೆ ಕೈಯಿಟ್ಟು, ಹೊಸ ಹಲಗೆಯನ್ನು ಅಂಗೈಯಿಂದ ಮೆಲ್ಲಗೆ ಸವರಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಾಗಿ ನಗು ತಂದುಕೊಂಡ.

"ಚೆನ್ನಾಗಿದೆ. ನೀಲಿ ಬಣ್ಣ ಹಳೇದಕ್ಕಿಂತ ಚೆನ್ನಾಗಿ ಕೂತಿದೆ."

ಆರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಜಾನಿ ಬಾಯಿ ತೆರೆಯುವುದಕ್ಕೂ ನಾನು ಅವನ ಕಾಲು ತುಳಿಯುವುದಕ್ಕೂ ಸರಿಹೋಯಿತು. ಕಳೆದ ಒಂದು ವರ್ಷವೆಲ್ಲ ಆ ಒಂದು ಗಳಿಗೆಯಲ್ಲಿ ನನಗೆ ಅರ್ಥವಾಯಿತು: ಬಿದ್ದ ಲೋಟ, ಮಡಿಲಿಗೆ ಬಂದ ಬಲೆ, ಸ್ಫಾಕ್ಸ್‌ನ ಸೂರು. ಆದರೂ ಗಂಟಲೆತ್ತಿ ನಕ್ಕೆ.

"ಇವನ ತಮಾಷೆಗಿಷ್ಟು ಬೆಂಕಿ ಹಾಕ! ನೀಲಿ ಸಿಗ್ಲಿಲ್ಲ ಅಂತ ಹೀಗೆ ಚುಚ್ತಾನೆ ನೋಡಿ! ತಳ್ಳಿ, ತಳ್ಳಿ, ಹೊತ್ತು ಇಳೀತಿದೆ!"

ಅವರೂ ನಕ್ಕು ತಳ್ಳಿದರು. ದೋಣಿ ನೀರು ಮುಟ್ಟಿತು, ಫರ್ಹಾತ್ ಹತ್ತಿದ. ನಾನು ಸೊಂಟದವರೆಗೆ ತೋಯಿಸಿಕೊಂಡು ಅವನ ಹಿಂದೆಯೇ ಹತ್ತಿದೆ. "ಸಾಲ್ಹಾ ನಾಯಕಿ ಆದ್ಲಪ್ಪೋ!" ಎಂದು ದಡದಿಂದ ಕೂಗಿದರು.

ನಾವಿಬ್ಬರೂ ಸೇರಿ ಹಾಯಿ ಬಿಚ್ಚಿದೆವು. ಹಗ್ಗ ಅವನ ಕೈಗೆ ತಾನಾಗಿಯೇ ಸಿಕ್ಕಿತು. ಆಮೇಲೆ ಚುಕ್ಕಾಣಿಗೆ ಹೋಗಲು ತಿರುಗಿದ. ಬರಿಗಾಲನ್ನು ಹಲಗೆಯ ಮೇಲೆ ಎಳೆಯುತ್ತ ಎಡಕ್ಕೆ ತಡಕಿದ, ಬಲಕ್ಕೆ ತಡಕಿದ. ಎಲ್ಲಿ ತಡಕಿದರೂ ನಾನು ಹತ್ತು ದಿನ ತಿಕ್ಕಿದ ನುಣುಪು. ಮುಂದಿನ ಹೆಜ್ಜೆಯನ್ನು ಸೀದಾ ಚೌಕದ ಬಾಯಿಗೇ ಇಟ್ಟ. ನಾನು ನಡುಪಟ್ಟಿ ಹಿಡಿದು ಎಳೆಯದಿದ್ದರೆ ತಲೆಕೆಳಗಾಗಿ ಒಳಗೆ ಬೀಳುತ್ತಿದ್ದ.

"ಮೊಳೆ ಎಲ್ಲಿ?" ಎಂದ, ಕೂತಲ್ಲೇ ಏದುಸಿರು ಬಿಡುತ್ತ.

"ಕಿತ್ತೆ" ಎಂದೆ.

"ಎಷ್ಟು ಕಾಣುತ್ತೆ ನಿಂಗೆ?" ನಾನೇ ಕೇಳಿದೆ. "ಸುಳ್ಳು ಹೇಳಿದ್ರೆ ಇಲ್ಲೇ ಮುಳುಗಿಸ್ತೀನಿ. ಬಣ್ಣ ಹಸಿರು."

ಅವನು ಹೊಸ ಹಲಗೆಯ ಮೇಲೆ ಅಂಗೈ ಆಡಿಸಿದ.

"ಹಾಯಿ ಇದೆ ಅಂತ ಗೊತ್ತಾಗುತ್ತೆ. ದಡ ಇದೆ ಅಂತ ಗೊತ್ತಾಗುತ್ತೆ. ನೀನು ನೀನೇ ಅಂತ ಬೈಗುಳದಿಂದ ಗೊತ್ತಾಗುತ್ತೆ. ಸ್ಫಾಕ್ಸ್‌ನಲ್ಲಿ ಮೂರು ಡಾಕ್ಟ್ರ ಹತ್ರ ಹೋಗಿದ್ದೆ. ಮೂವರದೂ ಒಂದೇ ಮಾತು, ಹೋಗಿದ್ದು ಬರಲ್ಲ."

"ಒಂದು ವರ್ಷ! ನನ್ನತ್ರ ಹೇಳೋಕೆ ಏನಾಗಿತ್ತು ದಾಡಿ?"

"ಹೇಳಿದ್ರೆ ದೋಣಿ ಹತ್ತೋಕೆ ಬಿಡ್ತಿದ್ಯಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ. ದೋಣೀಲಿ ನಂಗೆ ಕಣ್ಣು ಬೇಕಿರ್ಲಿಲ್ಲ ಸಾಲ್ಹಾ. ಕಾಲಲ್ಲೇ ನೋಡ್ತಿದ್ದೆ. ಕಂಬದ ಗುಳಿಯಿಂದ ಮೂರು ಹೆಜ್ಜೆಗೆ ಮೊಳೆ, ಮೊಳೆಯಿಂದ ಎರಡು ಹೆಜ್ಜೆಗೆ ಚುಕ್ಕಾಣಿ ಗುಳಿ. ಅಷ್ಟಿದ್ರೆ ಗಾಳಿ, ನೀರು ನಾನು ನೋಡ್ಕೋತಿದ್ದೆ." ಆಮೇಲೆ ಆಸೆಯಿಂದ ನನ್ನ ಕಡೆ ತಿರುಗಿದ. "ಗುಳಿ ಇರೋ ಹಲಗೆ ಎರಡೇ. ಅವು ಗಟ್ಟಿ ಇದ್ವಲ್ಲ? ತಿಜಾನಿಗೆ ಹೇಳಿ ವಾಪಸ್ ಕೂರಿಸೋಣ. ಎಲ್ಲಿಟ್ಟಿದೀಯ?"

ನಾನು ದಡದ ಕಡೆ, ನಮ್ಮ ಅಂಗಳದಿಂದ ಇನ್ನೂ ಏಳುತ್ತಿದ್ದ ಹೊಗೆಯನ್ನು ನೋಡಿದೆ.

"ಹೇಳೇ, ಎಲ್ಲಿವೆ?"

"ನೀನು ತಿಂದ ಕುಸ್ಕುಸ್ ಅದ್ರ ಮೇಲೇ ಬೆಂದಿದ್ದು ಕಣೋ."

ಹಾಯಿ ಪಟಪಟ ಹೊಡೆದುಕೊಳ್ಳುತ್ತಿತ್ತು, ಇಬ್ಬರೂ ಅದನ್ನು ಎಳೆಯಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತೆ. ಅವನಿಗೆ ಹೆಜ್ಜೆ ಕೊಟ್ಟಿದ್ದ ಮರವನ್ನು ಈ ಕೈಯಾರೆ ಒಲೆಗಿಟ್ಟೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು. ಅವನು ಬೈದಿದ್ದರೆ ಹಗುರವಾಗುತ್ತಿತ್ತೇನೋ, ಅವನು ಬೈಯಲೂ ಇಲ್ಲ. ಕೈ ಚಾಚಿ ನನ್ನ ತೋಳು ಹುಡುಕಿ ಹಿಡಿದ.

"ಉಪ್ಪು ಸರಿಯಾಗಿತ್ತು, ಬಿಡು" ಎಂದ.

ಮೂಗು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದಾಗ ಬೆರಳಿಗೆ ಚುಚ್ಚಿತು, ಆ ಸೊಟ್ಟ ಮೊಳೆ. ನಾನು ಎದ್ದೆ. ದೋಣಿಯ ಒಡಲಿನಿಂದ ಭಾರಕ್ಕಿಟ್ಟ ಕಲ್ಲೊಂದನ್ನು ಎತ್ತಿಕೊಂಡು ಚೌಕದ ಅಂಚಿನಲ್ಲಿ ಮಂಡಿಯೂರಿದೆ.

"ಕಂಬದ ಬುಡದಿಂದ ನಡ್ಕೊಂಡು ಬಾ" ಎಂದೆ. "ಎಲ್ಲಿತ್ತೋ ಅಲ್ಲಿ ನಿಲ್ಲು."

"ಏನು ಮಾಡ್ತಿದೀಯ?"

"ಬಾ ಅಂದ್ರೆ ಬಾ. ಇವತ್ತಿಂದ ಈ ದೋಣೀಲಿ ನಾನೂ ಇರ್ತೀನಿ. ಆಗಲ್ಲ ಅಂದ್ರೆ ಈಗ್ಲೇ ಈಜ್ಕೊಂಡು ಮನೆಗೆ ಹೋಗು."

ಅವನು ಕಂಬ ಹಿಡಿದು ನಿಂತು, ಲೆಕ್ಕ ಹಾಕಿ ಮೂರು ಹೆಜ್ಜೆ ಇಟ್ಟ. ಹೆಬ್ಬೆರಳಿನಿಂದ ಹಲಗೆ ಮುಟ್ಟಿ ತೋರಿಸಿದ. ನಾನು ಮೊಳೆಯ ತುದಿಯನ್ನು ಅಲ್ಲಿಟ್ಟೆ.

"ಇನ್ನೂ ಸ್ವಲ್ಪ ಎಡಕ್ಕೆ. ಹಾಂ, ಅಲ್ಲೇ."

ಕಲ್ಲೆತ್ತಿ ಬಡಿದೆ. ಹತ್ತು ದಿನ ಉಜ್ಜಿ ನುಣುಪು ಮಾಡಿದ ಹಲಗೆ ಸಣ್ಣಗೆ ಸೀಳಿತು, ಹಸಿರು ಬಣ್ಣ ಚಕ್ಕೆ ಎದ್ದಿತು. ಇನ್ನೊಂದು ಏಟು ಹಾಕಲು ಕೈಯೆತ್ತಿದಾಗ ಅವನ ಕಾಲು ಬಂದು ಮೊಳೆಯ ತಲೆಯನ್ನು ಮುಟ್ಟಿತು, ಅಲ್ಲೇ ನಿಂತಿತು.

"ಸಾಕು" ಎಂದ. "ಅಷ್ಟು ಮೇಲಿರ್ಲಿ."

ಅಲ್ಲಿಂದ ಎರಡು ಹೆಜ್ಜೆ ಹಾಕಿ ಅವನು ಚುಕ್ಕಾಣಿ ಹಿಡಿದ. ಹಾಯಿಯ ಹಗ್ಗ ಎಳೆಯಲು ನಾನು ಮೇಲೆದ್ದಾಗ ಪರ್ರ್ ಎಂದು ಸದ್ದಾಯಿತು. ನಾಲ್ಕನೇ ಲಂಗ. ಈ ಸಲ ನಾನು ಮೊಳೆಗೆ ಬೈಯಲಿಲ್ಲ.