ಮೂರನೇ ಅಂಕದ ಅಳು

“ಭತ್ತದ ತೆನಿ ಹಾಲು ತುಂಬೂದ್ರೊಳಗ ಯಾರು ಮುರಕೊಂಡು ಹ್ವಾದ್ರೋ ನನ್ನಪ್ಪಾ…” ಎಂದು ತಿಪ್ಪವ್ವ ಎದೆ ಬಡಿದುಕೊಂಡದ್ದೇ ತಡ, ಹತ್ತಿಮತ್ತೂರಿನಿಂದ ಬಂದಿದ್ದ ಗುಡ್ಡಪ್ಪ ಕಣ್ಣೊರೆಸಿಕೊಳ್ಳುತ್ತಲೇ ಪಕ್ಕದವನಿಗೆ ಹೇಳಿದ: “ನಮ್ಮೂರ ನಾಟಕದ್ದು. ಮೂರನೇ ಅಂಕ.”

“ಏ, ಅದು ನಮ್ಮದರಿ,” ಹಿರೇಕೆರೂರಿನವನು ಬಿಡಲಿಲ್ಲ. “ಊರಾಗಿನ ಹೆಣ್ಮಕ್ಳು ಎಷ್ಟ ಅತ್ತಿದ್ರು!”

ಇಬ್ಬರೂ ಹೇಳಿದ್ದು ಖರೆ. ವಿಭೂತಿ ಹಚ್ಚಿಸಿಕೊಂಡು ಗೋಡೆಗೆ ಒರಗಿ ಹೆಣವಾಗಿ ಕೂತಿದ್ದ ಅವಳ ಗಂಡ ಉಳಿವೆಪ್ಪ ಊರೂರಿಗೆ ನಾಟಕ ಬರೆದುಕೊಟ್ಟೇ ಮುದುಕನಾದವನು. ಬರೆದದ್ದು ತೊಂಬತ್ತೆಂಟೋ ನೂರಾ ಎರಡೋ, ಅವನಿಗೇ ನೆನಪಿರಲಿಲ್ಲ. ಒಂದು ಕಡೆ ಚಪ್ಪಾಳೆ ಬಿದ್ದ ಮಾತನ್ನು ಇನ್ನೊಂದು ಕಡೆ ಬಿಡುವ ಆಸಾಮಿಯೇ ಅಲ್ಲ. ಹಾನಗಲ್ಲಿನಲ್ಲಿ ಸತ್ತ ನಾಯಕ ಸವಣೂರಿನಲ್ಲೂ ಸಾಯುತ್ತಿದ್ದ. ಅವನ ಹೆಂಡತಿ ಎರಡೂ ಕಡೆ ಅದೇ ಮಾತಿನಲ್ಲಿ ಅಳುತ್ತಿದ್ದಳು.

ತಿಪ್ಪವ್ವ ಗಂಡನ ಒಂದು ನಾಟಕವನ್ನೂ ನೋಡಿದವಳಲ್ಲ. ದನ, ಮನೆ, ಅತ್ತೆ ಎಂದು ಅಕ್ಕಿಆಲೂರು ಬಿಟ್ಟು ಹೋದದ್ದೇ ಕಡಿಮೆ. ಈಗ ಅರ್ಧ ಅಳುವಿನಲ್ಲಿ ನಿಲ್ಲಿಸಿ ಸುತ್ತ ನೋಡಿದಳು. ಜನ ಅವಳ ಮುಂದಿನ ಮಾತಿಗೆ ಕಾಯುತ್ತಿದ್ದರು.

ಬಹಳ ಊರುಗಳಲ್ಲಿ ನಾಯಕಿಯ ಪಾರ್ಟು ಮಾಡಿದ್ದ ಮಾದೇವಿ ಬಗ್ಗಿ ಮೆಲ್ಲಗೆ ಹೇಳಿದಳು: “ಮುಂದ ‘ಉಣ್ಣಾಕ ಕರದ್ರ ಯಾರು ಓ ಅಂತಾರೋ’ ಐತ್ರಿ ಅಕ್ಕಾ. ಮತ್ತ ‘ನನ್ನಪ್ಪಾ’ ಅಲ್ಲರಿ, ‘ನನ್ನ ರಾಜಾ’.”

*

ಮಾಲತೇಶನಿಗೆ ಆಗ ಆರು ವರ್ಷ. ಮೂರೇ ದಿನದ ಜ್ವರ. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಿಪ್ಪವ್ವ ಬಾಯಿಗೆ ಬಂದದ್ದನ್ನೆಲ್ಲ ಅಂದು ಅತ್ತಿದ್ದಳು. ಬಾಗಿಲಲ್ಲಿ ನಿಂತ ಉಳಿವೆಪ್ಪನೂ ಅಳುತ್ತಿದ್ದ, ಸುಳ್ಳಲ್ಲ. ಆದರೆ ಅವನ ತುಟಿ ಅವಳ ಮಾತನ್ನೇ ಮತ್ತೆ ಮತ್ತೆ ಅನ್ನುತ್ತಿತ್ತು.

ಮಣ್ಣು ಮಾಡಿ ಬಂದ ಮೇಲೆ ಅವನು ಹಿತ್ತಲಲ್ಲಿ ಕೂತು ಬರೆಯುವುದನ್ನು ಕಂಡಳು.

“ಏನು ಬರಿಯಾಕತ್ತೀರಿ?”

“ಏನಿಲ್ಲ. ಮರತ ಬಿಟ್ಟೇನು ಅಂತ.”

ಮಗನನ್ನು ಮರೆಯಬಾರದೆಂದು ಬರೆಯುತ್ತಿದ್ದಾನೆ ಎಂದುಕೊಂಡು ಅವಳಿಗೆ ಆ ಹೊತ್ತಿಗೆ ಎಷ್ಟೋ ಸಮಾಧಾನವಾಗಿತ್ತು.

*

“ಅದು ನನ್ನ ಮಗನ ಮುಂದ ಅತ್ತದ್ದು. ಇವತ್ತೂ ಅದ ಬಾಯಿಗೆ ಬಂತು,” ಎಂದಳು ತಿಪ್ಪವ್ವ.

“ಆ ನಾಟಕದಾಗ ಮಗನ ಪಾರ್ಟು ಎಲ್ಲೈತಿ?” ಗುಡ್ಡಪ್ಪ ಗೊಂದಲಕ್ಕೆ ಬಿದ್ದ. “ಪಾಪ, ದುಃಖದಾಗ ಏನೂ ತಿಳೀವಲ್ದು ಅವರಿಗೆ.”

ತಿಪ್ಪವ್ವನಿಗೂ ತಿಳಿಯಲಿಲ್ಲ. ನಾಲ್ಕು ತಾಲೂಕಿನ ಹೆಂಗಸರು ತನ್ನ ಮಾಲತೇಶನಿಗಾಗಿ ಅತ್ತಿದ್ದರೆಂದು ಹಿಗ್ಗಬೇಕೋ, ಹೇಳದೆ ಕೇಳದೆ ತನ್ನ ಅಳುವನ್ನೇ ಊರೂರಿಗೆ ಹಂಚಿದವನ ಮೇಲೆ ಸಿಟ್ಟಾಗಬೇಕೋ. ಸಿಟ್ಟಾಗುವುದಕ್ಕೆ ಅವನು ಇಲ್ಲ. ಅಳುವುದಕ್ಕೆ ಮಾತು ಉಳಿದಿಲ್ಲ.

ಹೊರಗೆ ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟಿ ಮುಗಿದಿತ್ತು. “ಹೊತ್ತಾತು, ಎತ್ತೂಣರಿ,” ಎಂದರು ಯಾರೋ.

“ನನ್ನ ಒಬ್ಬಾಕಿನ್ನ ಬಿಟ್ಟು…” ಎಂದು ಶುರು ಮಾಡಿದಳು.

“ಎರಡನೇ ಅಂಕ,” ಎಂದಿತು ಹಿಂದಿನ ಒಂದು ದನಿ.

ತಿಪ್ಪವ್ವ ಗಂಡನ ಮಗ್ಗುಲಿಗೆ ಸರಿದು ಕೂತಳು. ಸೆರಗನ್ನು ಬಿಚ್ಚಿ ಹರಡಿ ಅವನ ತಲೆ, ತನ್ನ ತಲೆ ಎರಡನ್ನೂ ಒಳಗೆ ಮಾಡಿ ಎಳೆದುಕೊಂಡಳು. ಒಳಗೆ ಪಿಸುಪಿಸು ಶುರುವಾಯಿತು. ಮಾದೇವಿ ಕಿವಿ ಹತ್ತಿರ ತಂದಳು. ಗುಡ್ಡಪ್ಪ ಮುಂದಕ್ಕೆ ಬಗ್ಗಿದ.

“ಏನಂತಾರ?”

“ಕೇಳಿಸವಲ್ದು.”

ಎತ್ತಲು ಬಂದವರು ಕೈ ಕಟ್ಟಿಕೊಂಡು ನಿಂತರು. ಸೆರಗು ಅಲುಗುತ್ತಲೇ ಇತ್ತು.